ಪ್ರತಿಕ್ರಿಯೆ: ಅಮ್ಮನನ್ನು ಆಸ್ಟ್ರೇಲಿಯಾಕ್ಕೆ ಕರೆಸಿಕೊಳ್ಳಲು ಯಾವ ವೀಸಾ?

ಅಮ್ಮನಿಗೆ 68 ವರ್ಷ, ಮಕ್ಕಳಿಬ್ಬರಲ್ಲಿ ನೀವು ಆಸ್ಟ್ರೇಲಿಯಾದಲ್ಲಿ, ಅಣ್ಣ ಊರಲ್ಲಿ ಎಂದಿದ್ದೀರಿ. ಅಂದರೆ ಕಾಯಂ ಪೋಷಕ ವೀಸಾಕ್ಕೆ ಬೇಕಾದ ಕುಟುಂಬ ಸಮತೋಲನ ಪರೀಕ್ಷೆ ಪಾಸು: ಕನಿಷ್ಠ ಅರ್ಧದಷ್ಟು ಮಕ್ಕಳು ಇಲ್ಲಿ ಕಾಯಂ ಆಗಿ ನೆಲೆಸಿದ್ದರೆ ಸಾಕು. ಮಲಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಮುಚ್ಚಿಡಬೇಡಿ.

143 ಎಂಬ ಸಂಖ್ಯೆಯ ಪೋಷಕ ವೀಸಾ ಕಾಯಂ, ಆದರೆ ದುಬಾರಿ. ಶುಲ್ಕದ ಎರಡನೇ ಕಂತೇ ತಲೆಗೆ 43,600 ಆಸ್ಟ್ರೇಲಿಯನ್ ಡಾಲರ್, ಸರದಿಯೋ ಹತ್ತು ವರ್ಷಕ್ಕೂ ಹೆಚ್ಚು. 103 ಕೂಡ ಕಾಯಂ ಪೋಷಕ ವೀಸಾ; ಅದರಲ್ಲಿ ಶುಲ್ಕ ಕಡಿಮೆ, ಕಾಯುವುದು ಮೂವತ್ತು ವರ್ಷದ ಆಸುಪಾಸು. ಈ ವಯಸ್ಸಿಗೆ ಅದನ್ನು ನಂಬಿ ಕೂರಬೇಡಿ.

ಬೇಗ ಜೊತೆಗಿರಬೇಕೆಂದರೆ 870 ಎಂಬ ತಾತ್ಕಾಲಿಕ ಪೋಷಕ ವೀಸಾ ನೋಡಿ. ಮೊದಲು ನಿಮ್ಮ ಪ್ರಾಯೋಜಕತ್ವಕ್ಕೆ ಒಪ್ಪಿಗೆ ಸಿಗಬೇಕು, ಆಮೇಲೆ ಅಮ್ಮನ ಅರ್ಜಿ. 3 ಅಥವಾ 5 ವರ್ಷ ಸಿಗುತ್ತದೆ, ಒಟ್ಟು ಮಿತಿ 10. ಕೆಲಸ ಮಾಡುವಂತಿಲ್ಲ, ಮೆಡಿಕೇರ್ (ಸರ್ಕಾರಿ ಆರೋಗ್ಯ ಸೌಲಭ್ಯ) ಇಲ್ಲ, ಖಾಸಗಿ ಆರೋಗ್ಯ ವಿಮೆ ಕಡ್ಡಾಯ.

ಇಲ್ಲೇ ಬಹಳ ಜನ ಎಡವುವುದು: 870 ಪಡೆದವರು ಆಸ್ಟ್ರೇಲಿಯಾದೊಳಗಿಂದ 804ರಂಥ (ವಯಸ್ಸಾದ ಪೋಷಕರದ್ದು) ಕಾಯಂ ಪೋಷಕ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ. 804ರ ಯೋಚನೆಯಿದ್ದರೆ ಈಗಲೇ ತೀರ್ಮಾನಿಸಿ. ಅದಕ್ಕೆ ಪ್ರವಾಸಿ ವೀಸಾದಲ್ಲಿ ಬರುವುದಾದರೆ, ಅದರಲ್ಲಿ 8503 ಷರತ್ತು (ಇಲ್ಲಿದ್ದುಕೊಂಡೇ ಬೇರೆ ವೀಸಾಕ್ಕೆ ಅರ್ಜಿ ಹಾಕುವುದನ್ನು ತಡೆಯುವಂಥದ್ದು) ಇರಬಾರದು.

ವೈದ್ಯಕೀಯ ತಪಾಸಣೆಯನ್ನು ವೀಸಾ ಕೊಡುವ ಇಲಾಖೆ ಕೇಳುವ ಮುಂಚೆ ಮಾಡಿಸಬೇಡಿ, ವರದಿ ಸಾಮಾನ್ಯವಾಗಿ 12 ತಿಂಗಳಷ್ಟೇ ಚಾಲ್ತಿ.