ಸಿಟ್ಟಿಗೆ ರಿಯಾಯಿತಿ, ಸಹನೆಗೆ ಜೀವಾವಧಿ

"ಪಕ್ಕದ ಹಳ್ಳಿಯಲ್ಲಿ ಬದುವಿನ ಜಗಳಕ್ಕೆ ಒಬ್ಬನ ಜೀವ ಹೋಯಿತು. ಹೊಡೆದವನಿಗೆ ಏಳೇ ವರ್ಷ ಜೈಲು. ಅದು ಕೊಲೆಯಲ್ಲವಂತೆ, 'ಕೊಲೆಯಲ್ಲದ ನರಹತ್ಯೆ'ಯಂತೆ! ಸಿಟ್ಟು ಬಂದಿತ್ತು ಅಂತ ಕಾನೂನೇ ರಿಯಾಯಿತಿ ಕೊಟ್ಟರೆ ಹೇಗೆ?"
— ನಿವೃತ್ತ ಶಿಕ್ಷಕರು, ಹೊಳಲ್ಕೆರೆ ತಾಲ್ಲೂಕು

ಮೇಷ್ಟ್ರೇ, ನಿಮ್ಮ ಸಂಕಟ ನ್ಯಾಯವಾದದ್ದೇ. ಸತ್ತವನ ಮನೆಯವರಿಗೆ ಸೆಕ್ಷನ್ ನಂಬರು ಕಟ್ಟಿಕೊಂಡು ಏನಾಗಬೇಕು? ಆದರೆ ಕೊಲೆ ಅಂದಮೇಲೆ ಮರಣದಂಡನೆ, ಇಲ್ಲವೇ ಜೀವಾವಧಿ. ಜಡ್ಜ್‌ಗೆ ಬೇರೆ ದಾರಿಯಿಲ್ಲ. ಮಾತಿಗೆ ಮಾತು ಬೆಳೆದು ಕೈಗೆ ಸಿಕ್ಕ ಗುದ್ದಲಿಯಲ್ಲಿ ಒಂದೇಟು ಹಾಕಿದವನೂ ಸುಪಾರಿ ಕೊಟ್ಟು ಕೊಲ್ಲಿಸಿದವನೂ ಒಂದೇನಾ? ಅದಕ್ಕೇ 1860ರ ದಂಡ ಸಂಹಿತೆಯ 300ನೇ ಸೆಕ್ಷನ್ನಿನಲ್ಲಿ ಐದು ವಿನಾಯಿತಿ ಇಟ್ಟರು. ಅವುಗಳಲ್ಲಿ ಯಾವುದಾದರೂ ಅನ್ವಯಿಸಿದರೆ ಅದು 'ಕೊಲೆಯಲ್ಲದ ನರಹತ್ಯೆ', ಶಿಕ್ಷೆಯೂ ಕಡಿಮೆ. ಹಠಾತ್ ಪ್ರಚೋದನೆ ಒಂದು, ಹಠಾತ್ ಜಗಳ ಇನ್ನೊಂದು. ನಿಮ್ಮ ಬದುವಿನ ಕೇಸು ಎರಡನೆಯದರಲ್ಲಿ ಬಂದಿರಬೇಕು.

ನನ್ನ ತಕರಾರು ಬೇರೆ. ರಿಯಾಯಿತಿ ಯಾಕೆ ಅಂತ ಕೇಳಿದಿರಿ. ಯಾರ ಸಿಟ್ಟಿಗೆ ಅಂತ ಕೇಳಲಿಲ್ಲ. ಪಾಠ ಹೇಳಿದವರು ಪ್ರಶ್ನೆಯನ್ನು ಅರ್ಧಕ್ಕೇ ಬಿಡಬಹುದೇ?

ಆ 'ಹಠಾತ್' ನೋಡಿ. 1959ರಲ್ಲಿ ಮುಂಬಯಿಯ ನೌಕಾಪಡೆ ಅಧಿಕಾರಿ ನಾನಾವತಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದರು. ವಿಷಯ ಗೊತ್ತಾದ ಮೇಲೆ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದರು. ಸಿಟ್ಟು ಆರುವಷ್ಟು ಹೊತ್ತು ಕಳೆದಿತ್ತು ಅಂತ 1961ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನೇ ಎತ್ತಿಹಿಡಿಯಿತು. ಸರಿಯಾದ ತೀರ್ಪೇ, ಬಿಡಿ.

ಆದರೆ ವರ್ಷಗಟ್ಟಲೆ ಏಟು ತಿಂದ ಹೆಂಗಸಿಗೆ ಇದೇ ಅಳತೆ ಹಿಡಿದರೆ? ಕುಡಿದು ಹೊಡೆಯುವ ಗಂಡನಿಗೆ ಆ ಕ್ಷಣದಲ್ಲೇ ತಿರುಗಿಬಿದ್ದರೆ ಸಾಯುವವಳು ಅವಳೇ. ಅವನು ಮಲಗಿದ ಮೇಲೆ ಕೈಯೆತ್ತಿದರೆ 'ಮೊದಲೇ ಯೋಚಿಸಿ ಮಾಡಿದ್ದು' ಅಂತಾರೆ. ಹಠಾತ್ತಾಗಿ ಸಿಟ್ಟಾಗೋದಕ್ಕೂ ತೋಳಲ್ಲಿ ಬಲ ಇರಬೇಕು. ದಾವಣಗೆರೆಯ ಹಳೇ ಕ್ರಿಮಿನಲ್ ವಕೀಲರೊಬ್ಬರು ಮಂಡಕ್ಕಿ ಮಿರ್ಚಿ ತಿನ್ನುತ್ತಾ ಹೇಳಿದ್ದರು: "ಗಂಡಸರ ಜಗಳಕ್ಕೆ ಬೀದಿ ತುಂಬ ಸಾಕ್ಷಿ ಸಾರ್. ಹೆಂಗಸಿನ ಕೇಸಲ್ಲಿ ಅಡುಗೆಮನೆ ಗೋಡೇನ ಕೂಗಬೇಕು."

ಇಂಗ್ಲೆಂಡಿನಲ್ಲಿ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಹಿಂಸೆ ತಿಂದು, 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು. ಮೊದಲು ಜೀವಾವಧಿ ಆಯಿತು. 1992ರಲ್ಲಿ ಮೇಲಿನ ಕೋರ್ಟು ಪ್ರಚೋದನೆಯ ವಾದ ಒಪ್ಪಲಿಲ್ಲ. ಖಿನ್ನತೆಯ ಹೊಸ ಸಾಕ್ಷ್ಯ ನೋಡಿ ಮರುವಿಚಾರಣೆಗೆ ಹೇಳಿತು. ಕೊನೆಗೆ ಖಿನ್ನತೆಯ ಕಾರಣಕ್ಕೆ ಅದು ಕೊಲೆಯಲ್ಲ, ಅದಕ್ಕಿಂತ ಕಡಿಮೆ ಅಪರಾಧ ಅಂತಾಗಿ ಅವರು ಹೊರಬಂದರು. ಮುಂದೆ 2009ರ ಕಾಯ್ದೆ 'ಹಠಾತ್' ಅನ್ನುವ ಷರತ್ತನ್ನೇ ತೆಗೆಯಿತು. ನಮ್ಮಲ್ಲಿ ಮನಸ್ಸು ಕುಗ್ಗಿದವರಿಗೆ ಅಂಥ ನಡುದಾರಿಯೇ ಇಲ್ಲ. ಪೂರ್ತಿ ಬುದ್ಧಿಭ್ರಮಣೆ ಆಗಿತ್ತು ಅಂತ ತೋರಿಸಬೇಕು, ಇಲ್ಲಾಂದ್ರೆ ಇಲ್ಲ. 1989ರಲ್ಲಿ ಮದ್ರಾಸ್ ಹೈಕೋರ್ಟು ಮಕ್ಕಳ ಜೊತೆ ಬಾವಿಗೆ ಹಾರಿ ತಾನೊಬ್ಬಳೇ ಬದುಕುಳಿದ ತಾಯಿಯ ಕೇಸಿನಲ್ಲಿ 'ಬಹುಕಾಲದ ಪ್ರಚೋದನೆ'ಯನ್ನೂ ಲೆಕ್ಕಕ್ಕೆ ತಗೊಂಡಿತು. 2013ರಲ್ಲಿ ಗುವಾಹಟಿ ಹೈಕೋರ್ಟು ಗಂಡನನ್ನು ಕೊಂದ ಹೆಂಗಸಿನ ವಿಷಯದಲ್ಲೂ ಅದೇ ದಾರಿ ಹಿಡಿಯಿತು. ಜಡ್ಜ್‌ಗಳ ಮನಸ್ಸು ಅಷ್ಟು ಕರಗಿತು. ಕಾನೂನಿನ ಅಕ್ಷರ ಕರಗಲಿಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಆಗಲಾದರೂ ಬದಲಾಗಬಹುದಿತ್ತು. 300 ಹೋಗಿ 101 ಆಯಿತು. ಆ ವಿನಾಯಿತಿಗಳು ಹೆಚ್ಚುಕಡಿಮೆ ಹಾಗೇ ಉಳಿದವು. ಚರ್ಚೆಯೆಲ್ಲ ಹೆಸರು, ನಂಬರುಗಳದ್ದೇ.

ಪತ್ರಿಕೆಯವರು ನಾವೂ ಕಮ್ಮಿಯೇನಿಲ್ಲ. ನವೆಂಬರ್ 11ಕ್ಕೆ ಒನಕೆ ಓಬವ್ವನ ಜಯಂತಿ ಅಂತ ಪುಟ ತುಂಬಿಸುತ್ತೇವೆ. ಮಾರನೇ ದಿನ ಮನೆಯೊಳಗೇ ಒನಕೆ ಎತ್ತಿದವಳ ಸುದ್ದಿ ಬಂದರೆ, ಅದಕ್ಕೆ ಮುಂಚೆ ಅವಳು ಎಷ್ಟು ಸಲ ಠಾಣೆ ಮೆಟ್ಟಿಲು ಹತ್ತಿದ್ದಳು ಅಂತ ವಿಚಾರಿಸುವ ಪುರುಸೊತ್ತು ಯಾರಿಗಿದೆ? 'ಗಂಡನನ್ನೇ ಕೊಂದ ಪತ್ನಿ' ಅಂತ ದಪ್ಪಕ್ಷರದಲ್ಲಿ ಹಾಕಿ ಮುಗಿಸುತ್ತೇವೆ.

ನೀವು ಹೇಳಿದ ಬದುವಿನ ಕೇಸಿನ ತೀರ್ಪಿನ ನಕಲು ಸಿಕ್ಕರೆ ಕಳಿಸಿಕೊಡಿ ಮೇಷ್ಟ್ರೇ. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ. ಅದರಲ್ಲೇ ಇರುತ್ತದೆ ಬಿಡಿ.