ವೆಂಟಿಲೇಟರ್‌ನಿಂದ ಹೊರಬಂದ ಕೆಲವು ವಾರಕ್ಕೆ ಅಸ್ತಮಾ ಶುರುವಾಗಿದೆ, ಪಫ್ ಎಳೆದರೂ ಪ್ರಯೋಜನವಿಲ್ಲ. ಐಸಿಯುಗೆ ಸೇರಿದ್ದು ನ್ಯುಮೋನಿಯಾದಿಂದ. ಯಾವ ಇನ್‌ಹೇಲರ್ ಒಳ್ಳೆಯದು?

ಇನ್‌ಹೇಲರ್ ವಿಷಯ ಆಮೇಲೆ. ನಿಮಗಿರುವುದು ಅಸ್ತಮಾ ಅಂತ ನನಗನಿಸುತ್ತಿಲ್ಲ. ಟ್ಯೂಬ್ ಇದ್ದ ಜಾಗದಲ್ಲಿ ಶ್ವಾಸನಾಳ, ಅಂದರೆ ಗಂಟಲಿನಿಂದ ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಕೊಳವೆ, ಕಿರಿದಾಗಿರಬಹುದು. ನ್ಯುಮೋನಿಯಾ, ಐಸಿಯು, ಗಂಟಲಲ್ಲಿ ಟ್ಯೂಬ್, ಮನೆಗೆ ಬಂದು ಕೆಲವು ವಾರಕ್ಕೆ ಏದುಸಿರು, ಪಫ್ ಎಳೆದರೂ ಪ್ರಯೋಜನವಿಲ್ಲ. ನನಗೂ ಥೇಟ್ ಹೀಗೇ ಆಗಿತ್ತು.

ನನ್ನ ಎದೆಯ ಎಕ್ಸ್‌ರೇ ಚೆನ್ನಾಗಿತ್ತು. ಉಸಿರಾಡಿದರೆ ಸುಯ್ ಅನ್ನುತ್ತಿತ್ತು. ಅಸ್ತಮಾ ಅಂದರು, ನಂಬಿದೆ. ಡೋಸ್ ಜಾಸ್ತಿ ಮಾಡಿದರು, ಸ್ಟೀರಾಯ್ಡ್ ಮಾತ್ರೆಯೂ ಬಂತು. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಕಂಬಿ ಹಿಡಿದುಕೊಳ್ಳುತ್ತಿದ್ದೆ.

ದಾರಿ ತಪ್ಪಿದ್ದು ಒಂದೇ ಕಡೆ. ಹೊಸ ಡಾಕ್ಟರಿಗೆ ನ್ಯುಮೋನಿಯಾ ಆಗಿತ್ತು ಅಂತ ಹೇಳಿದೆ, ಟ್ಯೂಬ್ ಹಾಕಿದ್ದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಅದೆಲ್ಲ ಮುಗಿದ ಕಥೆ, ಈಗ್ಯಾಕೆ ಅಂದುಕೊಂಡಿದ್ದೆ. ಡಿಸ್ಚಾರ್ಜ್ ಸಮ್ಮರಿ ಮನೆಯ ಫೈಲಿನಲ್ಲೇ ಉಳಿಯಿತು. ನ್ಯುಮೋನಿಯಾ ಅಂದರೆ ಎಲ್ಲರ ಗಮನ ಶ್ವಾಸಕೋಶಕ್ಕೆ ಹೋಗುತ್ತದೆ. ಟ್ಯೂಬ್ ಅಂದಿದ್ದರೆ ಕುತ್ತಿಗೆಯತ್ತ ನೋಡುತ್ತಿದ್ದರು. ಆ ಒಂದು ಸಾಲಿಗಾಗಿ ತಿಂಗಳುಗಟ್ಟಲೆ ಬೇಡದ ಔಷಧಿ ನುಂಗಿದೆ. ಅಷ್ಟರಲ್ಲಿ ಒಳಗಿನ ದಾರಿ ಇನ್ನಷ್ಟು ಕಿರಿದಾಗಿತ್ತು.

ಶ್ವಾಸನಾಳ ದೊಡ್ಡವರಲ್ಲಿ 10ರಿಂದ 12 ಸೆಂ.ಮೀ. ಉದ್ದ, ಸುಮಾರು 2 ಸೆಂ.ಮೀ. ಅಗಲ ಇರುತ್ತದೆ. ಅದು ಮುಚ್ಚಿಕೊಳ್ಳದ ಹಾಗೆ 16ರಿಂದ 20 ಮೃದು ಎಲುಬಿನ ಉಂಗುರಗಳು ಹಿಡಿದಿಟ್ಟಿರುತ್ತವೆ. ಪೂರ್ತಿ ಉಂಗುರಗಳಲ್ಲ, ಕುದುರೆ ಲಾಳದ ಹಾಗೆ ಹಿಂದುಗಡೆ ತೆರೆದಿರುತ್ತವೆ. ಅಲ್ಲಿ ತೆಳು ಸ್ನಾಯು, ಅದರ ಬೆನ್ನಿಗೇ ಅನ್ನನಾಳ. ವೆಂಟಿಲೇಟರ್ ಟ್ಯೂಬಿನ ತುದಿಯ ಹತ್ತಿರ ಒಂದು ಪುಟ್ಟ ಬಲೂನು ಇರುತ್ತದೆ, ಕಫ್ ಅಂತಾರೆ. ಗಾಳಿ ಪಕ್ಕದಿಂದ ಸೋರದಿರಲಿ ಅಂತ ಅದನ್ನು ಉಬ್ಬಿಸುತ್ತಾರೆ. ಬಲೂನಿನ ಒತ್ತಡ 30 ಸೆಂ.ಮೀ. ಎತ್ತರದ ನೀರಿನ ಒತ್ತಡವನ್ನು ದಾಟಿದರೆ ನಾಳದ ಒಳಪದರಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹುಣ್ಣಾಗಬಹುದು. ಟ್ಯೂಬ್ ತೆಗೆದ ಮೇಲೆ ಹುಣ್ಣು ಮಾಯುತ್ತದೆ, ಆದರೆ ಕೆಲವರಲ್ಲಿ ಮಾಯ್ದ ಜಾಗ ಬಿಗಿದುಕೊಳ್ಳುತ್ತ ಬರುತ್ತದೆ. ಅದಕ್ಕೇ ತೊಂದರೆ ತಡವಾಗಿ ಕಾಣುವುದು. ದಾರಿ 8 ಮಿ.ಮೀ.ಗಿಂತ ಕಿರಿದಾದರೆ ಸಾಮಾನ್ಯವಾಗಿ ನಡೆದಾಡುವಾಗ ಉಸಿರು ಸಾಲದು. 5 ಮಿ.ಮೀ.ಗಿಂತ ಕೆಳಗಿಳಿದರೆ ಕೂತಲ್ಲೇ ಕಷ್ಟ. ಇನ್‌ಹೇಲರ್ ಸಡಿಲಿಸುವುದು ಶ್ವಾಸಕೋಶದೊಳಗಿನ ಸಣ್ಣ ಕೊಳವೆಗಳ ಸ್ನಾಯುವನ್ನು. ಈ ಬಿಗಿತಕ್ಕೆ ಅದು ಏನೂ ಮಾಡಲಾರದು.

ನನ್ನ ವಿಷಯದಲ್ಲಿ ಸುಳಿವು ಹಿಡಿದವಳು ತಂಗಿ. ಫೋನಿನಲ್ಲಿ ಮಾತಾಡುವಾಗ, "ಅಣ್ಣ, ನೀನು ಉಸಿರು ಎಳ್ಕೊಳ್ಳುವಾಗ ಸದ್ದು ಬರ್ತಿದೆಯಲ್ಲ" ಅಂದಳು. ಅಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ. ಎಳೆದುಕೊಳ್ಳುವಾಗ, ಅದೂ ಕುತ್ತಿಗೆಯ ಹತ್ತಿರ ಜೋರಾಗಿ ಬಂದರೆ ಅದು ಸ್ಟ್ರೈಡರ್, ಅಂದರೆ ಮೇಲಿನ ಗಾಳಿಯ ದಾರಿ ಕಿರಿದಾಗಿರುವ ಸದ್ದು. ನೀವೂ ಯಾರಿಗಾದರೂ ಹತ್ತಿರ ಕೂತು ಕೇಳಿಸಿಕೊಳ್ಳಲು ಹೇಳಿ.

ಕೊನೆಗೆ ಇಎನ್‌ಟಿ ಡಾಕ್ಟರು ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಮಾಡಿ ಕಂಡುಹಿಡಿದರು. ಬಲೂನಿನಿಂದ ಹಿಗ್ಗಿಸಿದರು, ಮತ್ತೆ ಕಿರಿದಾಯಿತು. ಕಿರಿದಾದ ಭಾಗ ಕತ್ತರಿಸಿ ಎರಡು ತುದಿ ಜೋಡಿಸಿ ಹೊಲಿದರು. ಆ ಹೊಲಿಗೆ ಎಳೆಯದಿರಲಿ ಅಂತ ಗದ್ದವನ್ನೂ ಎದೆಗೆ ಸೇರಿಸಿ ಹೊಲಿದಿದ್ದರು. ಸುಮಾರು ಒಂದು ವಾರ ತಲೆ ಬಗ್ಗಿಸಿಕೊಂಡೇ ಇರಬೇಕಾಯಿತು. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಕೆಲವರಿಗೆ ಹಿಗ್ಗಿಸಿದರೇ ಸಾಕು.

ಹಾಗಾಗಿ ಬೇರೆ ಇನ್‌ಹೇಲರ್ ಹುಡುಕುತ್ತ ಕೂರಬೇಡಿ. ಈಗಿರುವುದನ್ನು ನೀವಾಗಿ ನಿಲ್ಲಿಸಲೂಬೇಡಿ. ಡಿಸ್ಚಾರ್ಜ್ ಸಮ್ಮರಿ ಹಿಡಿದು ಹೋಗಿ, ಟ್ಯೂಬ್ ಎಷ್ಟು ದಿನ ಇತ್ತು ಅನ್ನುವುದನ್ನೇ ಮೊದಲು ಹೇಳಿ, ಶ್ವಾಸನಾಳ ನೋಡಿ ಅಂತ ಬಾಯಿಬಿಟ್ಟು ಕೇಳಿ. ಸುಮ್ನೆ ಕೂತಾಗಲೂ ಆ ಸದ್ದು ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ.