ತಮ್ಮನ ಪಿಕಪ್, ಅಮ್ಮನ ಆಣೆ

ಅಕ್ಕಾ, ನಾನು ಕಾಸರಗೋಡು ಜಿಲ್ಲೆಯವಳು. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಮೂರನೇ ಕ್ಲಾಸು. ಅವನನ್ನು ಸಾಕಿದ್ದು, ಓದಿಸಿದ್ದು ಹೆಚ್ಚುಕಡಿಮೆ ನಾನೇ. ಹೋದ ತಿಂಗಳು ಒಂದು ದಿನ ಬೆಳಗಿನ ಜಾವ ಅವನು ಓಡಿಸುತ್ತಿದ್ದ ನಮ್ಮ ಪಿಕಪ್, ರಬ್ಬರ್ ಟ್ಯಾಪಿಂಗಿಗೆ ನಡೆದು ಹೋಗುತ್ತಿದ್ದ ಒಬ್ಬರಿಗೆ ಬಡಿಯಿತು. ಅವನು ನಿಲ್ಲಿಸದೆ ಮನೆಗೆ ಬಂದ. ಬೆಳಕಾದ ಮೇಲೆ ಹಾಲು ಕೊಂಡೊಯ್ಯುವವರು ಅವರನ್ನು ನೋಡಿದರಂತೆ. ಅವರ ತಲೆಗೆ ಕಟ್ಟಿದ್ದ ಲೈಟು ಚರಂಡಿಯಲ್ಲಿ ಬಿದ್ದು ಉರಿಯುತ್ತಲೇ ಇತ್ತಂತೆ. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ. ಹೆಂಡತಿ ಬೀಡಿ ಕಟ್ಟುತ್ತಾರೆ. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ನಾನೂ ಅಮ್ಮನೂ ಹೋಗಿದ್ದೆವು. ಊಟ ಗಂಟಲಲ್ಲಿ ಇಳಿಯಲಿಲ್ಲ.

ಪಿಕಪ್ ಅಮ್ಮನ ಹೆಸರಿನಲ್ಲಿದೆ. ಒಂದು ಲೈಟು ಒಡೆದಿದೆ, ಬಾನೆಟ್ ತಗ್ಗಾಗಿದೆ. ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಟರ್ಪಾಲು ಹೊದಿಸಿ ಇಟ್ಟಿದ್ದಾರೆ. ಗಡಿ ದಾಟಿಸಿ ಪುತ್ತೂರು ಕಡೆ ರಿಪೇರಿ ಮಾಡಿಸುತ್ತಾರಂತೆ. ತಮ್ಮನಿಗೆ ಗಲ್ಫ್ ವೀಸಾ ಬಂದಿದೆ, ಮುಂದಿನ ವಾರ ಟಿಕೆಟ್. ಪೊಲೀಸರು ಈ ದಾರಿಯ ಮನೆಗಳಲ್ಲೆಲ್ಲ ಕೇಳುತ್ತಾ ಇದ್ದಾರೆ. ಆ ದಿನ ಗಾಡಿ ಹೊರಗೇ ಹೋಗಿಲ್ಲ ಎಂದು ಹೇಳುವಂತೆ ಅಮ್ಮ ದೈವದ ಮುಂದೆ ನನ್ನಿಂದ ದೀಪ ಮುಟ್ಟಿಸಿ ಆಣೆ ಮಾಡಿಸಿದ್ದಾರೆ. ನಾನು ಏನು ಮಾಡಲಿ?

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.)

ತಂಗಿ,

ಸುತ್ತಿ ಬಳಸದೆ ಹೇಳುತ್ತೇನೆ. ಪೊಲೀಸರ ಹತ್ತಿರ ಸುಳ್ಳು ಹೇಳಬೇಡಿ. ತಮ್ಮ ವಿಮಾನ ಹತ್ತುವ ಮೊದಲು ಸ್ಟೇಷನ್ ಮೆಟ್ಟಿಲು ಹತ್ತಬೇಕು. ಅವನ ಜೊತೆ ನೀವೂ ಹೋಗಿ. ಅವನನ್ನು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಸಾಕಿದ ಕೈ ಅಷ್ಟು ಸುಲಭದಲ್ಲಿ ಬಿಡುವುದೂ ಇಲ್ಲ, ಬಿಡಬೇಕಾದ್ದೂ ಇಲ್ಲ.

ನಿಮ್ಮ ಪತ್ರದಲ್ಲಿ ತಮ್ಮನ ಬಗ್ಗೆ ತುಂಬ ಇದೆ, ಅದು ಸಹಜ. ಆದರೆ ನೀವು ಬೊಜ್ಜದ ಊಟಕ್ಕೆ ಕೂತಿದ್ದ ಆ ಮನೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಬಡಿದ ಗಾಡಿ ಯಾವುದೆಂದು ಗೊತ್ತಾಗದಿದ್ದರೆ ಸತ್ತವರ ಮನೆಯವರಿಗೆ ಸರ್ಕಾರದ ಯೋಜನೆಯಲ್ಲಿ ಸಿಗುವುದು 2 ಲಕ್ಷ ರೂಪಾಯಿ. 2022ರ ಏಪ್ರಿಲ್‌ಗೆ ಮೊದಲು ಅದು ಬರೀ 25 ಸಾವಿರ ಇತ್ತು. ಗಾಡಿ ಗೊತ್ತಾದರೆ ದಾರಿಯೇ ಬೇರೆ. ಎಂಎಸಿಟಿಯಲ್ಲಿ, ಅಂದರೆ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ, ಸತ್ತವರ ವಯಸ್ಸು, ದುಡಿಮೆ, ಅವರನ್ನೇ ನಂಬಿದವರು ಎಷ್ಟು ಜನ ಎಂದು ನೋಡಿ ಪರಿಹಾರ ನಿಗದಿ ಮಾಡುತ್ತಾರೆ. ದುಡಿಯುವ ಪ್ರಾಯದ ಮನುಷ್ಯ, ಹೆಂಡತಿ, ಇಬ್ಬರು ಮಕ್ಕಳು ಎಂದರೆ ಆ ಮೊತ್ತ 2 ಲಕ್ಷಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ. ಅರ್ಜಿ ಹಾಕಲು ಕಾನೂನಿನಲ್ಲಿ ಬರೆದಿರುವ ಅವಧಿ ಆರು ತಿಂಗಳು. ನಿಮ್ಮ ಅಂಗಳದ ಟರ್ಪಾಲಿನ ಅಡಿಯಲ್ಲಿ ಆ ಇಬ್ಬರು ಹುಡುಗಿಯರ ಓದು ಇದೆ, ಅವರ ಅಮ್ಮನ ಮುಂದಿನ ಇಪ್ಪತ್ತು ವರ್ಷ ಇದೆ. ನೀವು ಬಾಯಿ ಮುಚ್ಚಿದಷ್ಟು ದಿನ ಆ ಹೆಂಗಸು ಒಂದೊಂದು ಎಲೆ ಕತ್ತರಿಸಿ, ಬೀಡಿ ಸುತ್ತಿ, ನೂಲು ಕಟ್ಟಿ ಅದೇ ದುಡ್ಡಿನಲ್ಲಿ ಮನೆ ನಡೆಸಬೇಕು. ಬೀಡಿಯ ಮಜೂರಿ ಎಷ್ಟೆಂದು ನಮ್ಮ ಕಡೆಯವರಿಗೆ ನಾನು ಹೇಳಬೇಕಾ?

ಅಮ್ಮನಿಗೆ ತೋಟ ಹೋಗುತ್ತದೆ ಎಂಬ ಹೆದರಿಕೆಯೂ ಇರಬಹುದು. ಗಾಡಿಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದೇ ಇಂಥದ್ದಕ್ಕೆ. ಆ ಪಾಲಿಸಿ ಚಾಲ್ತಿಯಲ್ಲಿದೆಯಾ ಅಂತ ಇವತ್ತೇ ನೋಡಿ. ತಪ್ಪಿಹೋಗಿದ್ದರೆ ಹೊರೆ ಮಾಲೀಕರ ಮೇಲೆ, ಅಂದರೆ ಅಮ್ಮನ ಮೇಲೆ ಬರುತ್ತದೆ. ತಮ್ಮ ಕುಡಿದು ಓಡಿಸಿದ್ದರೆ ಕಂಪನಿ ಮೊದಲು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಇನ್ನು ತಮ್ಮನ ವಿಷಯ. ಗುದ್ದಿ ಓಡಿದರೆ ಹತ್ತು ವರ್ಷ ಜೈಲು ಎಂದು ವಾಟ್ಸಾಪಿನಲ್ಲಿ ಓದಿ ಅವನು ನಡುಗುತ್ತಿರಬಹುದು. 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ಆ ಹತ್ತು ವರ್ಷದ ಭಾಗವನ್ನು ಮಾತ್ರ ತಡೆಹಿಡಿದರು. ಅದೇ ಭಾಗದ ವಿರುದ್ಧ ಆ ವರ್ಷದ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ್ದು ನಿಮಗೂ ನೆನಪಿರಬಹುದು. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಸೆಕ್ಷನ್‌ನಲ್ಲಿ ಹೆಚ್ಚೆಂದರೆ ಐದು ವರ್ಷ, ಅದು ಜಾಮೀನು ಸಿಗುವ ಅಪರಾಧ. ಕುಡಿದಿದ್ದನಾದರೆ ಇನ್ನೂ ಬಿಗಿ ಸೆಕ್ಷನ್ ಹಾಕಬಹುದು. ಆದ್ದರಿಂದ ವಕೀಲರ ಹತ್ತಿರ ಅವನು ಒಂದಕ್ಷರವನ್ನೂ ಮುಚ್ಚಿಡಬಾರದು.

ಆದರೆ ಜೈಲಿನ ವರ್ಷ ಎಣಿಸುವುದು ನನಗೆ ಮುಖ್ಯ ಅನಿಸುವುದಿಲ್ಲ. ಕತ್ತಲಲ್ಲಿ ಬಡಿದದ್ದು ಒಂದು ಕ್ಷಣದ್ದು. ನಿಲ್ಲಿಸದೆ ಬಂದದ್ದು ಅವನು ಮಾಡಿದ ತೀರ್ಮಾನ. ಬಿದ್ದವರಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕಾನೂನು ಇರಲಿ, ಚರಂಡಿಯಲ್ಲಿ ಒಂದು ಲೈಟು ಉರಿಯುತ್ತಿತ್ತು. ಆಗ ಅವರು ಬದುಕಿದ್ದರಾ ಎಂದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡು ಅವನು ದುಬೈಗೆ ಹೋಗಲಿ, ದೋಹಾಕ್ಕೆ ಹೋಗಲಿ, ಅದು ಅವನ ಜೊತೆಗೇ ಹೋಗುತ್ತದೆ. ಪ್ರಾಯದ ಹುಡುಗ ಅದನ್ನು ಯಾರ ಹತ್ತಿರವೂ ಹೇಳಲಾರದೆ ಜನ್ಮವಿಡೀ ಹೇಗೆ ಬದುಕುತ್ತಾನೆ? ನೀವು ಅವನನ್ನು ಸಾಕಿದ್ದು ಇದಕ್ಕಾ?

ವಡಗರದ ಹತ್ತಿರ 2024ರ ಫೆಬ್ರವರಿಯಲ್ಲಿ ನಡೆದದ್ದನ್ನು ನೀವು ಮಲಯಾಳಂ ಚಾನೆಲ್‌ಗಳಲ್ಲಿ ನೋಡಿಯೇ ಇರುತ್ತೀರಿ. ಕಾರು ಬಡಿದು ಅಜ್ಜಿ ತೀರಿಕೊಂಡರು, ಒಂಬತ್ತು ವರ್ಷದ ಮೊಮ್ಮಗಳು ಕೋಮಾಕ್ಕೆ ಹೋದಳು. ಕಾರು ನಿಲ್ಲಲಿಲ್ಲ. ಸುಮಾರು ಹತ್ತು ತಿಂಗಳ ಮೇಲೆ ಪೊಲೀಸರಿಗೆ ದಾರಿ ಸಿಕ್ಕಿದ್ದು ಆ ಕಾರಿನ ರಿಪೇರಿಗೆ ಹಾಕಿದ ಇನ್ಶೂರೆನ್ಸ್ ಅರ್ಜಿಯಿಂದ. ಗಲ್ಫಿಗೆ ಹೋಗಿದ್ದವರನ್ನು ಊರಿಗೆ ಬರುವಾಗ ಕೊಯಮತ್ತೂರು ವಿಮಾನ ನಿಲ್ದಾಣದಲ್ಲಿ ಹಿಡಿದರು. ಪುತ್ತೂರಿನ ಗ್ಯಾರೇಜು, ಗಲ್ಫಿನ ಟಿಕೆಟ್ ಎರಡೂ ರಕ್ಷಣೆ ಎಂದು ಅಮ್ಮನಿಗೆ ಅನಿಸುತ್ತಿದೆ. ರಿಪೇರಿ ಮಾಡಿಸಿದರೆ ಸಾಕ್ಷ್ಯ ನಾಶದ ಕೇಸು ಬೇರೆ ಸೇರುತ್ತದೆ, ಅದಕ್ಕೆ ಕೈ ಹಾಕಿದವರೆಲ್ಲರ ಮೇಲೆ. ಅಪರಾಧ ಮಾಡಿದವರನ್ನು ಅಡಗಿಸಿಟ್ಟರೆ ಕಾನೂನು ಗಂಡ ಹೆಂಡತಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಅಕ್ಕನಿಗೆ ಇಲ್ಲ, ಅಮ್ಮನಿಗೂ ಇಲ್ಲ. ಗಾಡಿಯ ಮಾಲೀಕರಾಗಿ, ಪೊಲೀಸರು ಕೇಳಿದಾಗ ಓಡಿಸಿದವರು ಯಾರೆಂದು ಹೇಳುವುದು ಅಮ್ಮನ ಕರ್ತವ್ಯ ಕೂಡ.

ಅಮ್ಮನನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ವಾ, ಗಂಡನನ್ನು ಕಳೆದುಕೊಂಡು ಮಗನೊಬ್ಬನನ್ನು ನೋಡಿಕೊಂಡು ಬದುಕಿದವರು. ಆದರೆ ಆ ಆಣೆ ನನಗೆ ತುಂಬ ಸಂಕಟ ತಂದಿತು. ನಮ್ಮ ಕಡೆ ಚಿನ್ನ ಕಳವಾದರೆ, ಗಡಿಕಲ್ಲು ಸರಿದರೆ, ಯಾರೂ ನ್ಯಾಯ ಕೊಡದಿದ್ದರೆ ಜನ ಹೋಗಿ ಹೇಳಿಕೊಳ್ಳುವುದು ದೈವದ ಹತ್ತಿರವೇ. ನಾಳೆ ಆ ಬೀಡಿ ಕಟ್ಟುವ ಹೆಂಗಸೂ ಅಲ್ಲಿಗೇ ಹೋಗಿ ನಿಲ್ಲಬಹುದು. ಅದೇ ದೈವದ ದೀಪ ಮುಟ್ಟಿಸಿ ಒಂದು ಸಾವನ್ನು ಮುಚ್ಚಿಡುವ ಮಾತು ತೆಗೆದುಕೊಂಡರೆ ಆ ಮಾತಿಗೆ ನೀವು ಬದ್ಧರಲ್ಲ. ಇದು ನನ್ನ ನಂಬಿಕೆ. ಮನಸ್ಸು ಒಪ್ಪದಿದ್ದರೆ ಮತ್ತೆ ಅಲ್ಲಿಗೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ತಪ್ಪುಕಾಣಿಕೆ ಇಟ್ಟು ಬನ್ನಿ.

ಮೊದಲು ತಮ್ಮನ ಹತ್ತಿರ ಒಬ್ಬರೇ ಮಾತಾಡಿ, ಅಮ್ಮ ಇಲ್ಲದಾಗ. ಬೈಯಬೇಡಿ. "ನಾನು ಸುಳ್ಳು ಹೇಳುವುದಿಲ್ಲ, ಆದರೆ ಕೋರ್ಟಿಗೆ ಪ್ರತಿ ಸಲ ನಿನ್ನ ಜೊತೆ ಬರುತ್ತೇನೆ" ಅನ್ನಿ. ಎರಡೂ ಮಾತನ್ನು ಒಟ್ಟಿಗೇ ಹೇಳಬೇಕು. ಒಂದನ್ನೇ ಹೇಳಿದರೆ ಅವನು ಹೆದರಿ ಓಡುತ್ತಾನೆ, ಇನ್ನೊಂದನ್ನೇ ಹೇಳಿದರೆ ಅಕ್ಕ ಹೇಗೂ ಕಾಪಾಡುತ್ತಾಳೆ ಅಂದುಕೊಳ್ಳುತ್ತಾನೆ.

ಆಮೇಲೆ ವಕೀಲರು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ತಮ್ಮ ವಕೀಲರ ಜೊತೆ ತಾನಾಗಿ ಹೋದರೆ ಕೋರ್ಟು ಅದನ್ನು ಗಮನಿಸುತ್ತದೆ. ಪಿಕಪ್ ಹೇಗಿದೆಯೋ ಹಾಗೇ ಇರಲಿ, ತೊಳೆಯುವುದೂ ಬೇಡ.

ಇದರ ನಡುವೆ ಪೊಲೀಸರು ಮನೆಗೆ ಬಂದರೆ ಗಾಬರಿ ಬೀಳಬೇಡಿ. ಸಾಕ್ಷಿಯಾಗಿ ಹೆಂಗಸರನ್ನು ಕೇಳುವುದಿದ್ದರೆ ಅವರ ಮನೆಯಲ್ಲೇ ಕೇಳಬೇಕು, ಸ್ಟೇಷನ್‌ಗೆ ಬರುವಂತೆ ಒತ್ತಾಯ ಮಾಡುವಂತಿಲ್ಲ. ನಮ್ಮಲ್ಲಿ ಎಷ್ಟೋ ಜನ ಮಲಯಾಳಂ ಸರಾಗ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಬರೆದದ್ದನ್ನು ಓದಿ ಹೇಳಿ ಎಂದು ಕೇಳಿ. ಸಾಕ್ಷಿಯ ಹೇಳಿಕೆಗೆ ಸಹಿ ಹಾಕಬೇಕೆಂದು ಕಾನೂನಿನಲ್ಲಿಲ್ಲ.

ಅವನು ಒಪ್ಪದಿದ್ದರೆ? ಟಿಕೆಟಿನ ಹಿಂದಿನ ದಿನದವರೆಗೆ ಕಾಯಬೇಡಿ. ಎರಡು ದಿನ ಕೊಡಿ, ಯಾವ ದಿನ ಎಂದು ಅವನಿಗೆ ಮೊದಲೇ ಹೇಳಿ. ಅದು ಮುಗಿದರೆ ವಕೀಲರನ್ನು ಕರೆದುಕೊಂಡು ನೀವೇ ಹೋಗಿ. ಆಗ ಅಮ್ಮ ಮಾತು ಬಿಡಬಹುದು, ತಮ್ಮ ವರ್ಷಗಟ್ಟಲೆ ಮುಖ ನೋಡದೆ ಇರಬಹುದು. ಹಾಗೆ ಆಗುವುದಿಲ್ಲ ಎಂದು ನಾನು ಸುಮ್ನೆ ಧೈರ್ಯ ಹೇಳುವುದಿಲ್ಲ. ಆದರೂ ಹೋಗಿ, ತಂಗಿ. ಅವನ ಜಾಮೀನಿಗೆ ಸಹಿ ಹಾಕಲು ಬೇಕಾಗುವ ಜಾಗದ ತೆರಿಗೆ ರಶೀದಿಯನ್ನೂ ಅದೇ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ.